ಕಿವಿಗೆ ಹತ್ತಿ ಇಟ್ಟರೆ ಸ್ಕೂಲ್ ಬ್ಯಾಂಡಿನ ಸದ್ದಿನಿಂದ ರಕ್ಷಣೆ ಸಿಗುತ್ತದೆಯೇ?

ಆಗಸ್ಟ್ 15, ನವೆಂಬರ್ 1, ಜನವರಿ 26 ಹತ್ತಿರ ಬಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಶಾಲೆಗಳಲ್ಲಿ ಬ್ಯಾಂಡ್ ತಾಲೀಮಿನ ಸಡಗರ. ಡ್ರಮ್ ಹೊಡೆಯುವ ಮಗು 'ಕಿವಿ ಗುಂಯ್ ಅಂತಿದೆ ಸಾರ್' ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. 'ಹತ್ತಿ ಇಟ್ಕೋ' ಎನ್ನುವುದು ಒಂದು, 'ನಾಲ್ಕು ದಿನ ಹೊಡೆದರೆ ಅಭ್ಯಾಸವಾಗುತ್ತೆ' ಎನ್ನುವುದು ಇನ್ನೊಂದು. ಎರಡೂ ತಪ್ಪು.

ಕಿವಿಯೊಳಗೆ ಏನಾಗುತ್ತದೆ?

ಒಳಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೂದಲುಕೋಶಗಳಿವೆ. ಶಬ್ದದ ಕಂಪನವನ್ನು ಮೆದುಳಿಗೆ ಮುಟ್ಟಿಸುವುದು ಇವೇ. ಹುಲ್ಲನ್ನು ಒಮ್ಮೆ ತುಳಿದರೆ ಮತ್ತೆ ಎದ್ದು ನಿಲ್ಲುತ್ತದೆ, ದಿನವೂ ತುಳಿದರೆ ಅಲ್ಲಿ ಕಾಲುದಾರಿಯೇ ಬೀಳುತ್ತದೆ. ಇಲ್ಲಿಯೂ ಹಾಗೆಯೇ. ವ್ಯತ್ಯಾಸ ಒಂದೇ, ಮನುಷ್ಯರಲ್ಲಿ ಸತ್ತ ಕೂದಲುಕೋಶ ಮತ್ತೆ ಹುಟ್ಟುವುದಿಲ್ಲ. 'ಅಭ್ಯಾಸವಾಯಿತು' ಎಂದು ನಾವು ತಿಳಿಯುವುದು ಕೆಲವೊಮ್ಮೆ ಕಿವಿ ಮಂದವಾದ ಲಕ್ಷಣವಾಗಿರಬಹುದು.

ಎಷ್ಟು ಸದ್ದು ಅಪಾಯ?

ಅಮೆರಿಕದ ನಯೋಶ್ ಸಂಸ್ಥೆ ದುಡಿಯುವ ವಯಸ್ಕರಿಗೆ ಹಾಕಿರುವ ಮಿತಿ ದಿನಕ್ಕೆ 85 ಡೆಸಿಬಲ್‌ನಲ್ಲಿ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಈ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಬರೀ 15 ನಿಮಿಷ. ಸೈಡ್ ಡ್ರಮ್ ಜೋರಾಗಿ ಬಾರಿಸಿದರೆ ಪಕ್ಕದಲ್ಲಿ ಸದ್ದು 100 ದಾಟಬಹುದು. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಹತ್ತಿಯ ಎಳೆಗಳ ನಡುವೆ ಗಾಳಿ ಆಡುತ್ತದೆ, ಸದ್ದೂ ನುಸುಳುತ್ತದೆ. ಅದು ತಡೆಯುವುದು ಕೆಲವೇ ಡೆಸಿಬಲ್. ಸರಿಯಾಗಿ ಹಾಕಿದ ಫೋಮ್ ಇಯರ್‌ಪ್ಲಗ್ 20 ಡೆಸಿಬಲ್‌ನಷ್ಟು ಇಳಿಸಬಲ್ಲದು.

ಬ್ಯಾಂಡ್ ಕಲಿಸುವ ಮೇಷ್ಟ್ರು, ಮೇಡಂಗಳು ಏನು ಮಾಡಬಹುದು?

1. ತಗಡಿನ ಶೀಟಿನ ಹಾಲ್, ಕಾರಿಡಾರ್ ಬೇಡ. ಅಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಮೈದಾನದ ಮರದ ನೆರಳು ಒಳ್ಳೆಯದು.
2. ಕೈ ಪಳಗುವವರೆಗೆ ಡ್ರಮ್ ಬೇಡ. ಹಳೇ ಟೈರಿನ ತುಂಡು ಅಥವಾ ರಬ್ಬರ್ ಮ್ಯಾಟ್ ಮೇಲೆ ಕಡ್ಡಿ ಆಡಿಸಲಿ.
3. ಕೊಳಲು ಊದುವ ಮಕ್ಕಳನ್ನು ಡ್ರಮ್‌ಗಳಿಂದ ದೂರ ನಿಲ್ಲಿಸಿ. ಬಯಲಿನಲ್ಲಿ ಒಂದು ಡ್ರಮ್‌ನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ.
4. ಹದಿನೈದು ನಿಮಿಷಕ್ಕೊಮ್ಮೆ ಡ್ರಮ್ ಕೆಳಗಿಡಿಸಿ. ಆ ಹೊತ್ತಿನಲ್ಲಿ ಹೆಜ್ಜೆ ಕಲಿಸಬಹುದು.
5. ಇಯರ್‌ಪ್ಲಗ್ಗನ್ನು ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ. ಅದು ಉಬ್ಬುವ ತನಕ ಬೆರಳಿನಿಂದ ಹಿಡಿದಿರಿ. ಒಬ್ಬರದು ಇನ್ನೊಬ್ಬರಿಗೆ ಬೇಡ. ನೀವೂ ಹಾಕಿಕೊಳ್ಳಿ. ಮಕ್ಕಳು ಬ್ಯಾಂಡ್ ಬಿಟ್ಟು ಹೋಗುತ್ತಾರೆ, ನೀವು ವರ್ಷಗಟ್ಟಲೆ ಅದೇ ಸದ್ದಿನಲ್ಲಿ ಇರುತ್ತೀರಿ.

ಮೀಟರ್ ಇಲ್ಲದಿದ್ದರೂ ಪರೀಕ್ಷೆ ಸುಲಭ. ಒಂದು ತೋಳಿನ ದೂರದಲ್ಲಿರುವವರಿಗೆ ಕೂಗಿ ಹೇಳಬೇಕಾದರೆ ಸದ್ದು ಮಿತಿ ಮೀರಿದೆ ಎಂದೇ ತಿಳಿಯಿರಿ.

ಗುಂಯ್ ಎನ್ನುವುದು ಮಾರನೇ ದಿನವೂ ನಿಲ್ಲದಿದ್ದರೆ ಎಣ್ಣೆ ಬಿಡಬೇಡಿ, ಇಎನ್‌ಟಿ ವೈದ್ಯರಿಗೆ ತೋರಿಸಿ. ಕಿವಿ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ನಮ್ಮ ತೀರ್ಮಾನ: ಹತ್ತಿ ಸಾಲದು, ಕಿವಿಗೆ ಅಭ್ಯಾಸ ಎಂಬುದಿಲ್ಲ. ಬ್ಯಾಂಡ್ ನಿಲ್ಲಿಸಬೇಕಿಲ್ಲ, ತಾಲೀಮಿನ ರೀತಿ ಬದಲಾದರೆ ಸಾಕು. ನಿಮ್ಮ ಶಾಲೆಯ ವಾಟ್ಸ್ಆ್ಯಪ್ ಗ್ರೂಪಿಗೆ ಇದನ್ನು ಕಳಿಸಿ.