ಬಿಡಿಭಾಗಗಳಲ್ಲಿ ಬಂದ ಕಾರು

ರಾಯಪುರಂ ಎಂಬ ಹೆಸರಿನಲ್ಲಿ ಯಾವ ರಾಜನೂ ಇಲ್ಲ. ತಮಿಳು ಕ್ರೈಸ್ತರು ಸಂತ ಪೀಟರನನ್ನು ರಾಯಪ್ಪರ್ ಎಂದು ಕರೆಯುತ್ತಾರೆ. ಚೆನ್ನೈ ಬಂದರಿನ ಬಡಗಣ ಮಗ್ಗುಲಿನ ಈ ಪೇಟೆಗೆ ಹೆಸರು ಬಂದದ್ದು ಅವನಿಂದ. ಪೇಟೆಯ ದೊಡ್ಡ ಹೆಗ್ಗಳಿಕೆ 1856ರಲ್ಲಿ ಶುರುವಾದ ರೈಲು ನಿಲ್ದಾಣ. ಮುಂಬಯಿ, ಠಾಣೆಗಳ ಮೊದಲ ನಿಲ್ದಾಣ ಕಟ್ಟಡಗಳು ಇಂದು ಇಲ್ಲವಾದ್ದರಿಂದ, ದೇಶದಲ್ಲಿ ಉಳಿದಿರುವ ಅತಿ ಹಳೆಯ ನಿಲ್ದಾಣ ಕಟ್ಟಡ ಇದೇ. ಆದರೆ ಈ ಲೇಖನಕ್ಕೆ ಬೇಕಾದದ್ದು ನಿಲ್ದಾಣಕ್ಕಿಂತ ಹೆಚ್ಚಾಗಿ ರಾಯಪುರಂನಿಂದ ತಿರುವೊಟ್ಟಿಯೂರು ದಾಟಿ ಎಣ್ಣೂರಿಗೆ ಹೋಗುವ ಕಡಲಂಚಿನ ರಸ್ತೆ. 1948ರಲ್ಲಿ ಹುಟ್ಟಿದ ಅಶೋಕ್ ಮೋಟರ್ಸ್ ಎಣ್ಣೂರಿನ ಕಾರ್ಖಾನೆಯಲ್ಲಿ ತಯಾರಿಸಿದ್ದು ಲಾರಿಯನ್ನಲ್ಲ, ಆಸ್ಟಿನ್ ಎ40 ಎಂಬ ಪುಟ್ಟ ಕಾರನ್ನು. ತಯಾರಿಸಿದ್ದು ಎನ್ನುವುದಕ್ಕಿಂತ ಜೋಡಿಸಿದ್ದು ಎನ್ನುವುದೇ ಸರಿ. ಇಂಗ್ಲೆಂಡಿನಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಭಾಗಗಳು ಬರುತ್ತಿದ್ದವು, ಇಲ್ಲಿ ಅವು ಕಾರಾಗುತ್ತಿದ್ದವು. ಲೇಲ್ಯಾಂಡ್ ಹೆಸರು ಸೇರಿ ಬಸ್ಸು ಲಾರಿಗಳ ದೊಡ್ಡ ಸಂಸಾರವಾದದ್ದು 1955ರಲ್ಲಿ. ಮದರಾಸಿನ ಮೋಟಾರು ಉದ್ಯಮ ಒಂದರ್ಥದಲ್ಲಿ ಪೆಟ್ಟಿಗೆ ಬಿಚ್ಚಿ, ನಕ್ಷೆ ನೋಡಿ, ತುಂಡುಗಳನ್ನು ಕೂಡಿಸುವ ಕೆಲಸದಿಂದಲೇ ಆರಂಭವಾಯಿತು.

ಪ್ಲಾಸ್ಟಿಕ್ ಮಾದರಿ ಕಾರುಗಳನ್ನು ಕಟ್ಟುವವರು ಮೇಜಿನ ಮೇಲೆ ಮಾಡುವುದೂ ಇದೇ ಕೆಲಸ, ಇಪ್ಪತ್ತನಾಲ್ಕನೆಯ ಒಂದು ಪಾಲೋ ಮೂವತ್ತೆರಡನೆಯ ಒಂದು ಪಾಲೋ ಅಳತೆಯಲ್ಲಿ. ಹೊಸ ಕಿಟ್ ತಂದು ಕಟ್ಟುವವರು ಒಂದು ಬಗೆ. ಇನ್ನೊಂದು ಬಗೆಯವರಿಗೆ ಹಳೆಯದೇ ಬೇಕು. ಅರವತ್ತು ವರ್ಷದ ಹಿಂದೆ ಯಾರೋ ಹುಡುಗ ಆತುರದಲ್ಲಿ ಅಂಟು ಮೆತ್ತಿ, ಗೋಡೆಗೆ ಬಳಿಯುವಂತೆ ಬಣ್ಣ ಬಳಿದು, ಚಕ್ರ ಕಳೆದುಕೊಂಡು ಅಟ್ಟಕ್ಕೆ ಎಸೆದ ಮಾದರಿಯನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ನಿಲ್ಲಿಸುತ್ತಾರೆ. ನೋಡುವವರಿಗೆ ಇದು ಹಳೆಯ ಆಟಿಕೆಯ ಮೋಹ. ಆಟಿಕೆಯ ಮೋಹವಷ್ಟೇ ಆಗಿದ್ದರೆ ಒಂದು ಲೇಖನಕ್ಕೆ ಅದು ಸಾಲದು. ಕಾರೊಂದು ಹೇಗೆ ಕೂಡಿಬಂತು ಎಂಬ ತಿಳಿವನ್ನು ಕೈಯಲ್ಲಿ ಉಳಿಸಿಕೊಳ್ಳುವ ಅಗ್ಗದ ದಾರಿ ಈ ಹವ್ಯಾಸ ಎನ್ನುವುದು ನನ್ನ ವಾದ. ಹಾಗಾಗಿ ಹಳೆಯ ಮಾದರಿಯನ್ನು ದುರಸ್ತಿ ಮಾಡಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬುದನ್ನು ಹೊಳಪಿನಿಂದಲೂ ಬೆಲೆಯಿಂದಲೂ ಅಳೆಯಬಾರದು, ಆ ತಿಳಿವು ಉಳಿಯಿತೇ ಎಂಬುದರಿಂದ ಅಳೆಯಬೇಕು.

ಇದಕ್ಕೆ ಮದರಾಸಿನದೇ ಒಳ್ಳೆಯ ಸಾಕ್ಷಿಯೊಂದಿದೆ: ಸ್ಟ್ಯಾಂಡರ್ಡ್ ಹೆರಾಲ್ಡ್. ನಗರದ ತೆಂಕಣ ಅಂಚಿನ ಪೆರುಂಗಳತ್ತೂರಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1961ರಿಂದ ಇದನ್ನು ತಯಾರಿಸಿತು. ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್, 1959ರದ್ದು. ರೂಪಿಸಿದವನು ಇಟಲಿಯ ಜೊವಾನ್ನಿ ಮಿಕೆಲೊತ್ತಿ. ಆ ಹೊತ್ತಿಗೆ ಬಹಳಷ್ಟು ಕಾರುಗಳ ಮೈಯೂ ತಳವೂ ಒಂದೇ ಬೆಸುಗೆಯಾಗಿ ಬರತೊಡಗಿದ್ದವು. ಹೆರಾಲ್ಡ್ ಮಾತ್ರ ಹಳೆಯ ಕಾಲದ ಬೇರೆ ಚಾಸಿಯನ್ನೇ ಇಟ್ಟುಕೊಂಡು, ಮೈಯನ್ನು ತುಂಡು ತುಂಡಾಗಿ ಬೋಲ್ಟು ಹಾಕಿ ಕೂರಿಸಿತು. ಕಾರಣದಲ್ಲಿ ಸೊಬಗೇನೂ ಇಲ್ಲ. ಇಂಗ್ಲೆಂಡಿನ ಮೂಲ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿಗಳು ಕೊಂಡುಬಿಟ್ಟಿದ್ದರು. ಇಡಿಯ ಮೈಯನ್ನು ಒಂದೇ ಕಡೆ ಒತ್ತಿಸುವ ದಾರಿ ಮುಚ್ಚಿದ್ದರಿಂದ ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಕೂಡಿಸಬೇಕಾಯಿತು. ಆ ಸಂಕಟವೇ ಹೊರದೇಶಗಳಲ್ಲಿ ವರವಾಯಿತು, ಏಕೆಂದರೆ ಬಿಡಿಯಾಗಿ ಕಳಿಸಿ ಜೋಡಿಸಲು ಇದಕ್ಕಿಂತ ಅನುಕೂಲದ ಕಾರು ಸಿಗುವುದು ಕಷ್ಟವಿತ್ತು. ಬಾನೆಟ್ಟೂ ಮುಂದಿನ ಮಡ್‌ಗಾರ್ಡುಗಳೂ ಒಟ್ಟಾಗಿ ಮುಂದಕ್ಕೆ ಬಾಗಿ ತೆರೆದುಕೊಂಡರೆ ಎಂಜಿನ್ನಿನ ಜೊತೆ ಮುಂಚಕ್ರಗಳೂ ಬಯಲಿಗೆ ಬರುತ್ತಿದ್ದವು. ಮೆಕ್ಯಾನಿಕ್ಕುಗಳಿಗೆ ಇದರಷ್ಟು ಪ್ರೀತಿಯ ಬಾನೆಟ್ ಇನ್ನೊಂದಿರಲಿಕ್ಕಿಲ್ಲ.

ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ಟ್ರಯಂಫ್ ಹೆರಾಲ್ಡಿನ ಕಿಟ್ ಒಂದನ್ನು 1:32 ಅಳತೆಯಲ್ಲಿ ಹೊರತಂದಿತು. ನಿಜವಾದ ಕಾರಿನ ಉದ್ದ 3,886 ಮಿಲಿಮೀಟರ್. ಕಿಟ್ಟಿನಲ್ಲಿ ಅದು ಸುಮಾರು 121 ಮಿಲಿಮೀಟರ್, ಅಂಗೈಯಲ್ಲಿ ಕೂರುವಷ್ಟು. ಅದನ್ನು ಕಟ್ಟುವವನು ಚಾಸಿ, ಅಚ್ಚುಗಂಬಿ, ಮೈಯ ತುಂಡುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದಂತೆ ಒಂದು ವಿಷಯ ಹೊಳೆಯುತ್ತದೆ: ಈ ಕಾರು ದೊಡ್ಡದಾಗಿದ್ದಾಗಲೂ ಕಿಟ್ ಆಗಿಯೇ ಇತ್ತು. ಬಾಗಿಲ ಸಂದುಗಳು, ಬಾನೆಟ್ಟಿನ ಅಂಚಿನ ಗೆರೆ ಎಲ್ಲವೂ ಇಂಗ್ಲೆಂಡಿನ ಆ ಉದ್ಯಮ ಜಗಳದ ಗುರುತು. ಮ್ಯೂಸಿಯಮ್ಮಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಕಾರು ಇದನ್ನು ಹೇಳುವುದಿಲ್ಲ. ಅಲ್ಲಿ ಬಾನೆಟ್ ಮುಚ್ಚಿರುತ್ತದೆ, ಮುಟ್ಟಬೇಡಿ ಎಂಬ ಫಲಕ ಇರುತ್ತದೆ.

ಇನ್ನು ವಸ್ತುವಿನ ಮಾತು. ಪ್ಲಾಸ್ಟಿಕ್ ಸಾಯುವುದೇ ಇಲ್ಲ ಎಂದು ನಾವು ಬೈಯುತ್ತೇವೆ; ಹಳೆಯ ಮಾದರಿಗಳನ್ನು ಕೈಗೆತ್ತಿಕೊಂಡವರಿಗೆ ಅದು ಎಷ್ಟು ಬೇಗ ಮುಪ್ಪಾಗುತ್ತದೆ ಎಂಬುದು ಗೊತ್ತು. 1950ರ ದಶಕದಲ್ಲಿ ಅಮೆರಿಕದ ಕಾರು ಡೀಲರುಗಳು ಗಿರಾಕಿಗಳಿಗೆ ಹಂಚುತ್ತಿದ್ದ ಮಾದರಿ ಕಾರುಗಳು ಸೆಲ್ಯುಲೋಸ್ ಅಸಿಟೇಟಿನವು. ಮೆದುವಾಗಿಡಲು ಬೆರೆಸಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಬಿದ್ದು ಅವು ಬೆನ್ನು ಬಾಗುತ್ತವೆ, ಒಮ್ಮೊಮ್ಮೆ ವಿನಿಗರಿನ ಘಾಟು ಹೊಡೆಯುತ್ತವೆ. ಹಾಗೆ ಸೊಟ್ಟಗಾದ ಅಸಿಟೇಟನ್ನು ನೆಟ್ಟಗೆ ಮಾಡುವ ನೆಚ್ಚಬಹುದಾದ ವಿದ್ಯೆ ಇಲ್ಲ. ಮುಂದೆ ಬಂದ ಪಾಲಿಸ್ಟೈರೀನ್ ಹೆಚ್ಚು ಗಟ್ಟಿ. ಇಂದಿಗೂ ಕಿಟ್ಟುಗಳು ಅದರವೇ. ಅದರ ಅಂಟು ನಿಜಕ್ಕೂ ಅಂಟಲ್ಲ, ದ್ರಾವಕ. ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದಾಗಿಸುತ್ತದೆ, ಬಹುಮಟ್ಟಿಗೆ ಬೆಸುಗೆಯಂತೆ. ಆದ್ದರಿಂದಲೇ ಹಳೆಯ ಹುಡುಗನ ಆತುರವನ್ನು ಬಿಡಿಸುವುದು ಕಷ್ಟ. ಕಿಟಕಿಯ ಗಾಜಿಗೆ ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ತಾಗಿಸಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ; ಅಲ್ಲಿಗೆ ಬಡಗಿಗಳ ಬಿಳಿ ಅಂಟೇ ಸರಿ. ಮಿರುಗುವ ಬಂಪರ್ ಕ್ರೋಮ್ ಅಲ್ಲ, ನಿರ್ವಾತದಲ್ಲಿ ಎರಚಿದ ಅಲ್ಯುಮಿನಿಯಂ ಪೊರೆ. ಅದನ್ನು ಕೆರೆಯದೆ ಅಂಟು ಹಿಡಿಯದು.

ಎಲ್ಲಕ್ಕಿಂತ ಸೋಜಿಗದ್ದು ಟೈರು. ಮೆದು ವಿನೈಲಿನ ಟೈರಿನಿಂದ ಜಿನುಗುವ ರಾಸಾಯನಿಕ ತಾನು ಒರಗಿದ ಪಾಲಿಸ್ಟೈರೀನನ್ನು ತಿನ್ನುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಮೈಗೆ ತಾಗಿಕೊಂಡು ಬಿದ್ದಿದ್ದ ಟೈರು ಹತ್ತಾರು ವರ್ಷಗಳಲ್ಲಿ ಬಾಗಿಲ ಮೇಲೆ ತನ್ನದೇ ಆಕಾರದ ಹಳ್ಳ ಕೊರೆದಿರುತ್ತದೆ. (ಟೈರಿಗೂ ಆಟಿಕೆಗೂ ಮೊದಲು ಹೇಳಿದ ಎಣ್ಣೂರಿನ ರಸ್ತೆಯಲ್ಲಿ ಹಳೆಯ ನಂಟುಂಟು. ಎಂಆರ್‌ಎಫ್ ಹುಟ್ಟಿದ್ದು 1946ರಲ್ಲಿ, ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ, ಮಕ್ಕಳಾಡುವ ಬಲೂನು ತಯಾರಿಸುತ್ತ. ಅದೇ ಸಂಸ್ಥೆ ಟೈರು ಮಾಡಿ ಬೆಳೆದು, 1987ರಲ್ಲಿ ಫನ್‌ಸ್ಕೂಲ್ ಮೂಲಕ ಆಟಿಕೆಗೆ ಮರಳಿತು.) ಚೆನ್ನೈನ ಹವೆ ಇದಕ್ಕೆಲ್ಲ ತುಪ್ಪ ಸುರಿಯುತ್ತದೆ. ಕಡಲ ತೇವದ ದಿನ ಲ್ಯಾಕರ್ ಬಣ್ಣ ಎರಚಿದರೆ ಹೊಳಪಿನ ಬದಲು ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಕಿಟಕಿಯ ಬಿಸಿಲು ಬಿಳಿ ಪ್ಲಾಸ್ಟಿಕ್ಕನ್ನು ಹಳದಿ ಮಾಡಿ, ಹಪ್ಪಳದಂತೆ ಪೆಡಸಾಗಿಸುತ್ತದೆ.

ಇಷ್ಟನ್ನು ವಿವರಿಸಿದ್ದಕ್ಕೆ ಕಾರಣವಿದೆ. ಮೊದಲ ಆಕ್ಷೇಪ ಬರುವುದೇ ಸಂಗ್ರಹಕಾರರಿಂದ: ಹಳೆಯ ಕಿಟ್ಟನ್ನು ಬಿಚ್ಚುವುದೇ ತಪ್ಪು, ಮುಚ್ಚಿದ ಪೆಟ್ಟಿಗೆಯೇ ಮೂಲ ಸ್ಥಿತಿ, ಬೆಲೆಯೂ ಅದಕ್ಕೇ ಎನ್ನುತ್ತಾರೆ. ಬೆಲೆಯ ಮಾತು ನಿಜ. ಆದರೆ ಮುಚ್ಚಿಟ್ಟರೆ ಉಳಿಯುತ್ತದೆ ಎಂಬುದು ನಿಜವಲ್ಲ. ಒಳಗೆ ಟೈರು ಮೈಯನ್ನು ತಿನ್ನುತ್ತಿರುತ್ತದೆ, ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆ ಹಳದಿಯಾಗುತ್ತಿರುತ್ತದೆ, ತೆಳುವಾದ ಕಂಬಗಳು ಸೊಟ್ಟಗಾಗುತ್ತಿರುತ್ತವೆ. ಬಿಚ್ಚಿ ನೋಡದವನಿಗೆ ಇದಾವುದೂ ತಿಳಿಯದು. ಸಂಗ್ರಹಕಾರನೇ ಪೆಟ್ಟಿಗೆ ತೆರೆದು, ಟೈರುಗಳನ್ನು ಬೇರೆ ಪೊಟ್ಟಣಕ್ಕೆ ಹಾಕಿಟ್ಟರೆ ಅದು ಮಾದರಿಗೆ ಮಾಡಿದ ಉಪಕಾರ, ಬೆಲೆ ನಾಲ್ಕು ಕಾಸು ಇಳಿದರೂ. ಬೆಲೆ ಎಷ್ಟು ಗಟ್ಟಿ ಎಂಬುದೂ ನೋಡಬೇಕಾದ್ದೇ. ಉಕ್ಕಿನ ಅಚ್ಚು ಉಳಿದಿದ್ದರೆ ಕಂಪನಿ ಯಾವತ್ತಾದರೂ ಅದೇ ಕಿಟ್ಟನ್ನು ಮತ್ತೆ ಒತ್ತಬಹುದು. ಏರ್‌ಫಿಕ್ಸ್ 1981ರಲ್ಲಿ ದಿವಾಳಿಯಾಯಿತು, ಕೈಯಿಂದ ಕೈಗೆ ಹೋಯಿತು, 2006ರಲ್ಲಿ ಹಾರ್ನ್‌ಬಿ ಪಾಲಾಯಿತು. ಅದರ ಹೆರಾಲ್ಡ್ ಕಿಟ್ ಆಮೇಲೂ ಹೊಸ ಪೆಟ್ಟಿಗೆಯಲ್ಲಿ ಅಂಗಡಿಗೆ ಬಂತು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಬಿಚ್ಚಿ ಕಟ್ಟಿ ಹೊಸ ಬಣ್ಣ ಕೊಟ್ಟರೆ ಆ ಹುಡುಗನ ಕೈಗುರುತು ಅಳಿಸಿಹೋಗುವುದಿಲ್ಲವೇ? ಅಳಿಸಿಹೋಗುತ್ತದೆ, ಆ ನಷ್ಟವನ್ನು ಅಲ್ಲಗಳೆಯಲಾಗದು. ಆದರೆ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಒಂದು ರೂಢಿಯ ಉತ್ತರ ಮೊದಲಿಂದ ಇದೆ. ನವರಾತ್ರಿಗೆ ಕೂರಿಸುವ ಗೊಂಬೆಗಳನ್ನು, ಮೈಸೂರಿನ ಪಟ್ಟದ ಗೊಂಬೆಯಾಗಲಿ ಚೆನ್ನೈನ ಕೊಲು ಗೊಂಬೆಯಾಗಲಿ, ವರ್ಷಕ್ಕೊಮ್ಮೆ ಇಳಿಸಿ, ಒರೆಸಿ, ಬಣ್ಣ ಉದುರಿದ ಕಡೆ ಬಣ್ಣ ತಾಗಿಸಿ ಮತ್ತೆ ಸುತ್ತಿಡುತ್ತೇವೆ. ಮೂಗು ಮುಕ್ಕಾದ ಗೊಂಬೆಗೆ ಮೂಗು ತಿದ್ದುತ್ತೇವೆ, ಹೊಸ ಮುಖ ಇಡುವುದಿಲ್ಲ. ಮಾದರಿ ಕಾರಿಗೂ ಈ ಅಳತೆ ಸಾಕು: ಮುರಿದದ್ದು ನಿಲ್ಲಲಿ, ಕಳೆದದ್ದು ಸೇರಲಿ, ಇದ್ದದ್ದನ್ನು ಕಾರಣವಿಲ್ಲದೆ ಕೀಳುವುದು ಬೇಡ. ಬಣ್ಣ ತೆಗೆಯಲೇಬೇಕಾದರೆ ಐಸೊಪ್ರೊಪೈಲ್ ಆಲ್ಕೊಹಾಲಿನಂಥ ಸೌಮ್ಯವಾದದ್ದರಿಂದ ಶುರು ಮಾಡಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು. ಗೊಂಬೆಯ ಪೆಟ್ಟಿಗೆಯ ಒಂದು ಪದ್ಧತಿಯನ್ನು ಮಾತ್ರ ಇಲ್ಲಿಗೆ ತರಬಾರದು, ಅದು ನುಸಿಗುಳಿಗೆ. ನ್ಯಾಫ್ತಲೀನಿನ ಆವಿ ಪಾಲಿಸ್ಟೈರೀನನ್ನು ಮೆತ್ತಗಾಗಿಸುತ್ತದೆ. ದುರಸ್ತಿಯ ಈ ಅಳತೆ ಕಟ್ಟಡಕ್ಕೂ ಸಲ್ಲುತ್ತದೆ. 2005ರಲ್ಲಿ ರಾಯಪುರಂ ನಿಲ್ದಾಣವನ್ನು ನವೀಕರಿಸಿದಾಗ ಹಳೆಯ ಗೋಡೆಗೆ ಹೊಸ ಬಣ್ಣ ಬಂದದ್ದನ್ನು ಅಪಚಾರವೆನ್ನಬೇಕಿಲ್ಲ; ಕಂಬಗಳು ಅದೇ ಜಾಗದಲ್ಲಿ ನಿಂತಿವೆಯೇ ಎಂಬುದೇ ಅಲ್ಲಿ ಮುಖ್ಯ.

ಇದೆಲ್ಲ ದೊಡ್ಡವರ ಮಕ್ಕಳಾಟ ಎನ್ನುವವರೊಂದಿಗೆ ಜಗಳವಿಲ್ಲ. ಚದುರಂಗವೂ ಆಟವೇ. ಪ್ಲಾಸ್ಟಿಕ್ ಕಸಕ್ಕೆ ಇದೂ ಒಂದು ಕೊಡುಗೆ ಎಂಬ ಮಾತು ಹೆಚ್ಚು ತೂಕದ್ದು, ಆದರೆ ಗುರಿ ತಪ್ಪಿದ್ದು: ಒಮ್ಮೆ ಬಳಸಿ ಎಸೆಯುವ ಚೀಲಕ್ಕೂ ಅರವತ್ತು ವರ್ಷದಿಂದ ದುರಸ್ತಿ ಕಾಣುತ್ತಿರುವ ವಸ್ತುವಿಗೂ ಒಂದೇ ತಕ್ಕಡಿ ಸಲ್ಲದು. ಹೇಳಬೇಕಾದ ನಿಜವಾದ ದೋಷ ದ್ರಾವಕಗಳ ಆವಿ. ಗಾಳಿಯಾಡದ ಕೋಣೆಯಲ್ಲಿ ಅಂಟು, ತಿನ್ನರುಗಳ ನಡುವೆ ಗಂಟೆಗಟ್ಟಲೆ ಕೂರುವುದು ಆರೋಗ್ಯಕ್ಕೆ ಕೇಡು. ಮುಖಗವಸು, ತೆರೆದ ಕಿಟಕಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಇಂದು ಕೇಳಿಬರುವ ಆಕ್ಷೇಪ ಮೂರು ಆಯಾಮದ ಮುದ್ರಣ ಯಂತ್ರದ್ದು. ಕಂಪ್ಯೂಟರಿನಲ್ಲಿ ಕಡತವಿದ್ದರೆ ಬೇಕಾದ ಕಾರು ರಾತ್ರಿ ಬೆಳಗಾಗುವುದರಲ್ಲಿ ಅಚ್ಚಾಗಿ ಬರುವಾಗ ಹಳೆಯದನ್ನು ತಿದ್ದುವ ಕಷ್ಟವೇಕೆ? ಆದರೆ ಕಡತ ತಾನಾಗಿ ಹುಟ್ಟುವುದಿಲ್ಲ, ಯಾರಾದರೂ ಅಳೆದು ಕೊಡಬೇಕು. ನಮ್ಮ ಕಾರುಗಳ ಮಟ್ಟಿಗೆ ತೊಡಕಿರುವುದು ಅಲ್ಲೇ. ಏರ್‌ಫಿಕ್ಸಿನ ಹೆರಾಲ್ಡಿಗೆ ಇರುವುದು ಎರಡೇ ಬಾಗಿಲು, ಇಂಗ್ಲೆಂಡಿನಲ್ಲಿ ಇದ್ದದ್ದೂ ಅಷ್ಟೇ. ಹಿಂದಿನ ಸೀಟಿಗೆ ಹೋಗಲು ಮುಂದಿನವರು ಇಳಿಯಬೇಕಾದ ಕಾರು ತುಂಬು ಸಂಸಾರದ ನಮ್ಮವರಿಗೆ ಒಗ್ಗಲಿಲ್ಲ. ಹಾಗಾಗಿ 1960ರ ದಶಕದ ಕೊನೆಯ ಹೊತ್ತಿಗೆ ಮದರಾಸಿನ ಕಂಪನಿ ತಾನೇ ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿತು. ಇಂಗ್ಲೆಂಡಿನಲ್ಲಿ ಹೆರಾಲ್ಡ್ 1971ರಲ್ಲಿ ನಿಂತಿತು. ಇಲ್ಲಿ 1972ರಲ್ಲಿ ಅದೇ ಮೈಗೆ ಹೊಸ ಮುಖ ಕೊಟ್ಟು ಗೆಜೆಲ್ ಎಂದು ಹೆಸರಿಟ್ಟರು, ನಮ್ಮ ರಸ್ತೆಗೂ ಮೆಕ್ಯಾನಿಕ್ಕಿಗೂ ಹೊಂದುವಂತೆ ಹಿಂದಿನ ಆಕ್ಸಲನ್ನೂ ಬದಲಿಸಿದರು. ಸ್ಟ್ಯಾಂಡರ್ಡ್ ಕಂಪನಿಯ ಕಾರು ತಯಾರಿಕೆ 1988ರಲ್ಲಿ ಮುಗಿಯಿತು.

ಆ ಎರಡು ಹಿಂಬಾಗಿಲುಗಳು ಮದರಾಸಿನ ಸ್ವಂತ ಕೆಲಸ. ಎರಡು ಬಾಗಿಲಿನ ಹಳೆಯ ಕಿಟ್ಟನ್ನು ಗರಗಸದಿಂದ ಕೊಯ್ದು, ತೆಳು ಪ್ಲಾಸ್ಟಿಕ್ ಹಾಳೆ ಸೇರಿಸಿ, ಪುಟ್ಟಿ ತುಂಬಿ, ಮರಳುಕಾಗದದಿಂದ ಉಜ್ಜಿ ನಾಲ್ಕು ಬಾಗಿಲು ಮಾಡುವುದು ಕೈ ಪಳಗಿದವರಿಗೆ ಆಗದ ಕೆಲಸವಲ್ಲ. ಮುದ್ರಣ ಯಂತ್ರಕ್ಕೆ ಕಡತ ಬರೆಯುವುದೂ ಆದೀತು. ಎರಡಕ್ಕೂ ಬೇಕಾದದ್ದು ನಿಜವಾದ ಕಾರಿನ ಅಳತೆ: ಬಾಗಿಲ ಅಗಲ, ನಡುಗಂಬದ ದಪ್ಪ, ಕಿಟಕಿಯ ಓರೆ. ಕಾರುಗಳಾದರೋ ಪುದುಪೇಟೆಯ ಗುಜರಿ ಸಾಲಿನಂಥ ಕಡೆಗಳಲ್ಲಿ ಬಿಡಿಭಾಗಗಳಾಗಿ ಬಂದಂತೆಯೇ ಬಿಡಿಭಾಗಗಳಾಗಿ ಹೋಗುತ್ತವೆ. ನಿಮ್ಮ ನೆಂಟರ ಶೆಡ್ಡಿನಲ್ಲೋ ಊರಿನ ತೋಟದ ಮನೆಯಲ್ಲೋ ಒಂದು ಗೆಜೆಲ್ಲೋ ನಾಲ್ಕು ಬಾಗಿಲಿನ ಹೆರಾಲ್ಡೋ ತುಕ್ಕು ಹಿಡಿದು ನಿಂತಿದ್ದರೆ, ಗುಜರಿಯವನಿಗೆ ಫೋನ್ ಮಾಡುವ ಮೊದಲು ದರ್ಜಿಯ ಟೇಪು ಹಿಡಿದು ಅದರ ಹಿಂಬಾಗಿಲನ್ನು ಅಳೆದು ಬರೆದಿಟ್ಟುಕೊಳ್ಳಿ, ಎರಡು ಬದಿಯಿಂದ ಫೋಟೊ ತೆಗೆದಿಡಿ.