ತೆನೆಹಬ್ಬದ ಮರುದಿನ ಮಿನೆಸ್ತ್ರೋನೆ

ಕರಾವಳಿಯ ಕೆಥೋಲಿಕ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ತನ್ನದೇ ಆದ ಒಂದು ಲೆಕ್ಕವಿದೆ. ಅಂದು ಮೀನು ಮಾಂಸಗಳಿಗೆ ಅಡುಗೆಮನೆಯಲ್ಲಿ ಪ್ರವೇಶವಿಲ್ಲ. ತರಕಾರಿಯ ಬಗೆಗಳು ಮೂರೋ ಐದೋ ಏಳೋ ಒಂಬತ್ತೋ ಆಗಿರಬೇಕು, ಸಮಸಂಖ್ಯೆ ಕೂಡದು. ಹೊಸ ತೆನೆಯ ಅಕ್ಕಿ ಬಾಯಿಗೆ ಬಿದ್ದ ಮೇಲೆ ಒಂದೊಂದಾಗಿ ಎಲೆಗೆ ಬರುವ ಆ ಪಲ್ಯ, ಗಸಿಗಳ ಸಾಲನ್ನು ಬಲ್ಲವರೇ ಬಲ್ಲರು. ಹಬ್ಬದ ದಿನದ ಲೆಕ್ಕವನ್ನು ಹಿರಿಯರು ಹೀಗೆ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಮರುದಿನದ ಲೆಕ್ಕವನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಅರ್ಧ ಹೀರೆಕಾಯಿ, ಒಂದು ತುಂಡು ಸಿಹಿಕುಂಬಳ, ಹಿಡಿಯಷ್ಟು ಅಲಸಂಡೆ, ಬಾಡತೊಡಗಿದ ಹರಿವೆಯ ಕಟ್ಟು: ಒಂದು ಪಲ್ಯಕ್ಕೆ ಯಾವುದೂ ಸಾಲದು, ಎಸೆಯಲು ಮನಸ್ಸು ಬಾರದು. ಹೆಬ್ರಿಯ ನಮ್ಮ ಮನೆಯಲ್ಲಿ ಈ ಶೇಷಕ್ಕೆ ಉತ್ತರ ದೊರೆತದ್ದು ಇಟಲಿಯಿಂದ.

ಉತ್ತರವನ್ನು ತಂದವರು ನಮ್ಮ ತಾಯಿಯ ತಂಗಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕನ್ಯಾಮಠ ಸೇರಿ, ಮುಂದೆ ಸಂಸ್ಥೆಯ ಅಪ್ಪಣೆಯಂತೆ ಉತ್ತರ ಇಟಲಿಗೆ ಹೋದ ಧರ್ಮಭಗಿನಿ. ಬೆರ್ಗಾಮೊ ಪಟ್ಟಣದ ಸಮೀಪದಲ್ಲಿ ವೃದ್ಧರ ಆರೈಕೆ ಮತ್ತು ಅಡುಗೆ ಅವರ ಪಾಲಿಗೆ ಬಂದ ಸೇವೆ. ಸಂಸ್ಥೆಯಲ್ಲಿ ಅವರು ಸಿಸ್ಟರ್, ನಮಗೆಲ್ಲ ಮಾವ್ಶಿ. ನಾವು ಹೇಳುತ್ತಿರುವುದು ಅವರು ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದ ವರ್ಷದ ಸಂಗತಿ. ಆ ಮಳೆಗಾಲದಲ್ಲಿ ನಮ್ಮ ತಾಯಿ ಜ್ವರದಿಂದ ಎದ್ದು ಕುಳಿತಿದ್ದರಾದರೂ ಊಟ ಸೇರುತ್ತಿರಲಿಲ್ಲ. ಗಂಜಿಯನ್ನು ಎರಡು ಚಮಚ ಕುಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅಕ್ಕನ ಕೈ ಹಿಡಿದು ನೋಡಿದ ಮಾವ್ಶಿ ಏನೂ ಹೇಳಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದುದನ್ನು ಅವರೂ ಕಂಡಿರಬೇಕು.

ಮಾವ್ಶಿಗೆ ಅಚ್ಚರಿಯಾಗಲಿ, ಅಮ್ಮನಿಗೂ ಏನಾದರೂ ರುಚಿಸಲಿ ಎಂದು ನಾವು ಇಟಲಿಯ ಸೂಪು ಮಾಡಲು ಹೊರಟೆವು. ಮಣಿಪಾಲಕ್ಕೆ ಹೋಗಿ ಜುಕಿನಿ, ಪಾಸ್ತಾ, ರಾಜ್ಮಾ, ಒಂದು ಪುಟ್ಟ ಬಾಟಲಿ ಆಲಿವ್ ಎಣ್ಣೆ ತಂದೆವು. ಬೆಲೆಯನ್ನು ಇಲ್ಲಿ ಬರೆಯುವುದು ಬೇಡ. ಮನೆಯಲ್ಲಿಯೂ ನಾವು ಹೇಳಿರಲಿಲ್ಲ. ಎಲ್ಲವನ್ನೂ ಹೆಚ್ಚಿ, ಒಣ ರಾಜ್ಮಾ ಮತ್ತು ಟೊಮೆಟೊ ಸಹಿತ ಒಂದೇ ಬಾರಿಗೆ ಪಾತ್ರೆಗೆ ಹಾಕಿ ಒಲೆಗೇರಿಸಿದೆವು. ಎರಡು ಗಂಟೆ ಕಳೆದಾಗ ತರಕಾರಿ ಮುದ್ದೆಯಾಗಿತ್ತು, ಕಾಳು ಕಲ್ಲಾಗಿಯೇ ಇತ್ತು. ಮಾವ್ಶಿ ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿ ನೋಡಿ, ‘ಇದಕ್ಕೆ ಇನ್ನೂ ಜ್ಞಾನಸ್ನಾನವೇ ಆಗಿಲ್ಲವಲ್ಲ ಮಗಾ’ ಎಂದರು.

ನಗುವಿನ ಮಾತಾದರೂ ಅದರಲ್ಲಿ ಗಂಭೀರ ವಿಷಯವಿದೆ. ರಾಜ್ಮಾ ಬಳಸುವ ಗೃಹಿಣಿಯರು ಇದನ್ನು ಗಮನಿಸಬೇಕು. ಅರೆಬೆಂದ ರಾಜ್ಮಾದಲ್ಲಿ ವಾಂತಿ, ಹೊಟ್ಟೆನೋವು ತರುವ ಒಂದು ನಂಜಿನ ಅಂಶವಿರುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತನೆ ಕುದಿಸಿದರೆ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿದರೆ, ಅದು ನಾಶವಾಗುತ್ತದೆ. ಕುದಿಯದಷ್ಟು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಪ್ರಯೋಜನವಿಲ್ಲ. ಇನ್ನು ಟೊಮೆಟೊದಂತಹ ಹುಳಿ ಪದಾರ್ಥ ಮೊದಲೇ ಬಿದ್ದರೆ ಯಾವ ಕಾಳೂ ಬೇಗ ಬೇಯದು. ಹುಳಿ ಯಾವಾಗಲೂ ಕಾಳು ಬೆಂದ ಮೇಲೆ. ಇದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಮಾತೇ. ಇಟಲಿಯ ಹೆಸರು ಕೇಳಿದೊಡನೆ ನಾವು ಮರೆತಿದ್ದೆವು.

ಮಾವ್ಶಿ ನಮ್ಮ ಪೊಟ್ಟಣಗಳನ್ನು ಬದಿಗಿಟ್ಟು ಹಿತ್ತಿಲಿಗೆ ಇಳಿದರು. ಅಡುಗೆಮನೆಯ ಅಟ್ಟದ ಡಬ್ಬಿಯಲ್ಲಿದ್ದ ಹಿಂದಿನ ಬೆಳೆಯ ಅಲಸಂಡೆ ಬೀಜವನ್ನು ತರಿಸಿದರು. ಆಗ ಅವರು ತಮ್ಮ ಮೊದಲ ಚಳಿಗಾಲದ ಕತೆ ಹೇಳಿದರು. ಮಠದ ಉಗ್ರಾಣದಲ್ಲಿ ಗೋಣಿಯೊಂದನ್ನು ಬಿಚ್ಚಿದಾಗ ಬಿಳಿಯ ಮೈ, ಕಪ್ಪು ಕಣ್ಣಿನ ಕಾಳು ಕಂಡಿತಂತೆ. ಅದುವರೆಗೆ ಅತ್ತಿರಲಿಲ್ಲ, ಭಾಷೆ ಬರಲಿಲ್ಲವೆಂದು ಅತ್ತಿರಲಿಲ್ಲ, ಹಿಮಕ್ಕೆ ಅತ್ತಿರಲಿಲ್ಲ. ಅಲಸಂಡೆಯನ್ನು ಕಂಡು ಗೋಣಿಯ ಬಳಿಯೇ ಕುಳಿತು ಅತ್ತರಂತೆ. ಅಲ್ಲಿನವರು ಅದನ್ನು ‘ಕಣ್ಣಿನ ಕಾಳು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಇಲ್ಲಿ ಇತಿಹಾಸವೂ ಮಾವ್ಶಿಯ ಪರವಾಗಿಯೇ ಇದೆ. ರಾಜ್ಮಾ, ಬೀನ್ಸ್, ಟೊಮೆಟೊ, ಬಟಾಟೆ, ಸಿಹಿಕುಂಬಳ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸನು ಅತ್ತ ತಲುಪಿದ ನಂತರವೇ ಅವು ಯುರೋಪಿಗೆ ಬಂದವು. ಅದಕ್ಕೆ ಮುನ್ನ ಇಟಲಿಯ ರೈತನ ಪಾತ್ರೆಯಲ್ಲಿ ಬೇಯುತ್ತಿದ್ದ ಕಾಳುಗಳಲ್ಲಿ ಮುಖ್ಯವಾದದ್ದು ಈ ಕಪ್ಪು ಕಣ್ಣಿನ ಅಲಸಂಡೆ. ಆಫ್ರಿಕದಲ್ಲಿ ಹುಟ್ಟಿದ ಈ ಬೆಳೆ ಪ್ರಾಚೀನ ಕಾಲದಲ್ಲಿಯೇ ಒಂದು ಕಡೆ ಭಾರತಕ್ಕೂ ಇನ್ನೊಂದು ಕಡೆ ಮೆಡಿಟರೇನಿಯನ್ ತೀರಕ್ಕೂ ಹಬ್ಬಿತ್ತು. ನಮ್ಮ ಚಪ್ಪರದಿಂದ ತೂಗುವ ಮೊಳದುದ್ದದ ಅಲಸಂಡೆಯೂ ಅದೇ ಜಾತಿಯದು. ರೋಮಿನ ಕೊಲೊನ್ನಾ ಅರಮನೆಯ ಚಿತ್ರಶಾಲೆಯಲ್ಲಿ ಬೊಲೊನ್ಯದ ಕಲಾವಿದ ಅನ್ನಿಬಾಲೆ ಕರ‍್ರಾಚ್ಚಿ 1580ರ ದಶಕದಲ್ಲಿ ರಚಿಸಿದ ಚಿತ್ರವೊಂದಿದೆ. ಹುಲ್ಲಿನ ಟೋಪಿಯ ಬಡವನೊಬ್ಬ ಬಾಯಿ ತೆರೆದು, ಚಮಚವನ್ನು ಅರ್ಧ ದಾರಿಯಲ್ಲಿ ಹಿಡಿದು ನಮ್ಮನ್ನೇ ದಿಟ್ಟಿಸುತ್ತಾನೆ. ಅವನ ಬಟ್ಟಲಿನಲ್ಲಿರುವುದು ಕಪ್ಪು ಕಣ್ಣಿನ ಕಾಳೇ.

ಚಿತ್ರದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಇಟಲಿಯು ನಮ್ಮ ಜಿಲ್ಲೆಗಳಿಗೆ ಅಪರಿಚಿತ ದೇಶವಲ್ಲ. ಯೇಸುಸಭೆಯ ವೆನಿಸ್ ಪ್ರಾಂತ್ಯದ ಧರ್ಮಗುರುಗಳು 1878ರ ದಶಂಬರ 31ರಂದು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಫಾದರ್ ಆಂಜೆಲೊ ಮಫ್ಫೆಯಿ 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟು ಪ್ರಕಟಿಸಿದರು. ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಮಾಡುಗಳನ್ನು 1899ರಿಂದ ಎರಡು ವರ್ಷಕಾಲ ಚಿತ್ರಗಳಿಂದ ತುಂಬಿದ ಬ್ರದರ್ ಅಂತೋನಿಯೊ ಮೊಸ್ಕೇನಿ ಹುಟ್ಟಿದ್ದು ಮಾವ್ಶಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊದಲ್ಲಿ. ಶಾಲೆ, ವ್ಯಾಕರಣ, ವರ್ಣ ಇಷ್ಟನ್ನೂ ಕೊಟ್ಟ ಇಟಲಿ ನಮ್ಮ ಅಡುಗೆಮನೆಗೆ ಮಾತ್ರ ಕಾಲಿಟ್ಟಂತಿಲ್ಲ. ಪೋರ್ಚುಗೀಸರ ವಿನೆಗರ್ ಗೋವೆಯ ದಾರಿಯಾಗಿ ನಮ್ಮ ಮಾಂಸದ ಪಾತ್ರೆಗೆ ಬಂತು. ಮಿನೆಸ್ತ್ರೋನೆಗೆ ಮಾವ್ಶಿಯ ರಜೆಯವರೆಗೆ ಕಾಯಬೇಕಾಯಿತು.

ಆ ಹೆಸರಿನ ಮೂಲವೂ ಅರಿಯತಕ್ಕದ್ದು. ಲ್ಯಾಟಿನಿನ ‘ಮಿನಿಸ್ತ್ರಾರೆ’ ಎಂದರೆ ಸೇವೆ ಮಾಡುವುದು, ಬಡಿಸುವುದು. ಅದರಿಂದ ‘ಮಿನೆಸ್ತ್ರ’, ಅಂದರೆ ಬಡಿಸುವ ಸೂಪು. ಅದು ದಪ್ಪವೂ ಸಮೃದ್ಧವೂ ಆದರೆ ‘ಮಿನೆಸ್ತ್ರೋನೆ’. ಇದಕ್ಕೆ ಇಂಥದೇ ತರಕಾರಿ ಎಂಬ ಕಟ್ಟಳೆಯಿಲ್ಲ. ಊರಿಗೊಂದು, ಋತುವಿಗೊಂದು ಬಗೆ. ಪಾಸ್ತಾ ಹಾಕಲೇಬೇಕೆಂದು ನಾವು ತಿಳಿದಿದ್ದೆವು. ಮಾವ್ಶಿ ಇರುವ ಲೊಂಬಾರ್ದಿಯ ಪದ್ಧತಿಯಲ್ಲಿ ಹಾಕುವುದು ಅಕ್ಕಿ! ಮಿಲಾನಿನ ಮಿನೆಸ್ತ್ರೋನೆಗೆ ಅಕ್ಕಿಯೇ ಗುರುತು. ಅಲ್ಲಿ ಹಂದಿಯ ಕೊಬ್ಬನ್ನೂ ಸೇರಿಸುವುದುಂಟು. ಅದನ್ನು ಬಿಟ್ಟರೆ ತಪಸ್ಸುಕಾಲದ ಶುಕ್ರವಾರಗಳಿಗೂ ಈ ಸೂಪು ಸಲ್ಲುತ್ತದೆ.

ಇನ್ನು ಮಾಡುವ ಕ್ರಮ. ಆರು ಮಂದಿಗೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಅಲಸಂಡೆ ಬೀಜ ಸಾಕು. ಅದನ್ನು ನಾಲ್ಕೈದು ಗಂಟೆ ನೆನೆಸಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳಬೇಕು. ಬೆಂದ ನೀರನ್ನು ಚೆಲ್ಲಬಾರದು. ಸೂಪಿನ ಜೀವ ಅದರಲ್ಲಿದೆ. ದಪ್ಪ ತಳದ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಎರಡು ನೀರುಳ್ಳಿ, ಒಂದು ಕ್ಯಾರೆಟ್, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಬೇಕು. ಇಲ್ಲಿ ಅವಸರ ಸಲ್ಲದು. ನಾವು ಎರಡು ನಿಮಿಷದಲ್ಲಿ ಮುಗಿಸಲು ಹೋದಾಗ ಮಾವ್ಶಿ ಸೌಟನ್ನು ಕಸಿದುಕೊಂಡರು. ಹದಿನೈದು ನಿಮಿಷ ಬೇಕು. ನೀರುಳ್ಳಿ ಕೆಂಪಾಗದೆ, ಸಿಹಿಯಾದ ಪರಿಮಳ ಬರಬೇಕು. ಮಸಾಲೆಯಿಲ್ಲದ ಈ ಅಡುಗೆಯ ರುಚಿ ಮುಕ್ಕಾಲು ಪಾಲು ಇಲ್ಲಿಯೇ ನಿರ್ಣಯವಾಗುತ್ತದೆ.

ಎಣ್ಣೆಯ ಬಗ್ಗೆ ನಮ್ಮ ಅನುಭವದ ಮಾತು: ತೆಂಗಿನೆಣ್ಣೆಯಲ್ಲಿ ಒಮ್ಮೆ ಮಾಡಿ ನೋಡಿದೆವು, ಅದು ತೆಂಗಿನಕಾಯಿ ಮರೆತುಹೋದ ಕೊದ್ದೆಲಿನಂತಾಯಿತು. ಕಡಲೆಕಾಯಿ ಎಣ್ಣೆ ಆಗಬಹುದು. ಆಲಿವ್ ಎಣ್ಣೆಯಿದ್ದರೆ ಬಡಿಸುವಾಗ ಮೇಲಿನಿಂದ ಅರ್ಧ ಚಮಚ ಸುರಿದರೆ ಸಾಕು, ಒಲೆಯ ಮೇಲೆ ಅದನ್ನು ವ್ಯಯಿಸಬೇಕಾಗಿಲ್ಲ.

ನೀರುಳ್ಳಿ ಬಾಡಿದ ಮೇಲೆ ಗಟ್ಟಿ ತರಕಾರಿ ಮೊದಲು, ಮೆದು ತರಕಾರಿ ಆಮೇಲೆ. ಎರಡು ಬಟಾಟೆ, ಅಂಗೈಯಷ್ಟು ಸಿಹಿಕುಂಬಳ, ತುಂಡರಿಸಿದ ಎಳೆಯ ಅಲಸಂಡೆ. ಬೆಂದ ಕಾಳು, ಅದರ ನೀರು, ಒಟ್ಟು ಎರಡು ಲೀಟರ್ ಆಗುವಷ್ಟು ಬಿಸಿನೀರು. ಆಮೇಲೆ ಮೂರು ಟೊಮೆಟೊ. ಜುಕಿನಿಯ ಸ್ಥಾನಕ್ಕೆ ಹೀರೆಕಾಯಿ. ರುಚಿಯಲ್ಲಿ ಅದು ಸೋಲಲಿಲ್ಲ. ಕೊನೆಯಲ್ಲಿ ಹರಿವೆ ಸೊಪ್ಪು. ಕೆಂಪು ಹರಿವೆಯಾದರೆ ಸೂಪೆಲ್ಲ ಗುಲಾಬಿಯಾಗುತ್ತದೆ, ಮಕ್ಕಳಿಗೆ ಅದೇ ಇಷ್ಟ. ಬಸಳೆ ಹಾಕಿ ಲೋಳೆ ಮಾಡಿಕೊಳ್ಳುವುದು ಬೇಡ. ಬಸಳೆಗೆ ಸಿಗಡಿಯ ಜೊತೆಯೇ ಗೌರವ. ಅಕ್ಕಿ ಅರ್ಧ ಲೋಟ. ನಮ್ಮ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಾದುದರಿಂದ ಅದನ್ನು ಬೇರೆಯಾಗಿ ಮುಕ್ಕಾಲು ಬೇಯಿಸಿ ಸೇರಿಸುವುದು ಲೇಸು. ಉಪ್ಪು ಕೊನೆಗೆ, ನೋಡಿಕೊಂಡು. ಒಂದು ಸೌಟು ಕಾಳನ್ನು ಅರೆದು ಹಿಂದಕ್ಕೆ ಹಾಕಿದರೆ ಸೂಪು ತಾನಾಗಿ ಮಂದವಾಗುತ್ತದೆ. ಅಂಗಡಿಯ ಪುಡಿ ಬೇಕಿಲ್ಲ.

ಜೆನೋವದವರು ಒಲೆಯಿಂದ ಇಳಿಸುವಾಗ ಬಸಿಲಿಕೊ ಎಂಬ ಎಲೆಯನ್ನು ಬೆಳ್ಳುಳ್ಳಿ, ಎಣ್ಣೆಯೊಡನೆ ಅರೆದು ಬೆರೆಸುತ್ತಾರೆ. ಆ ಎಲೆಗಾಗಿ ನಾವು ಪೇಟೆಯಲ್ಲಿ ವಿಚಾರಿಸಿದೆವು. ಅದು ನಮ್ಮ ಕಾಮಕಸ್ತೂರಿಯೇ! ಬೀಜವನ್ನು ಶರಬತ್ತಿಗೆ ಹಾಕಿ ಎಲೆಯನ್ನು ಮರೆತಿದ್ದೆವು. ತುಳಸಿ ಅದರ ಬಂಧುವಾದರೂ ಖಾರ ಹೆಚ್ಚು, ಅದು ಬೇಡ.

ಇಷ್ಟು ಸೌಮ್ಯವಾದ ಅಡುಗೆಗೂ ಒಮ್ಮೆ ಕೆಟ್ಟ ಹೆಸರು ಬಂದದ್ದುಂಟು. ಇಟಲಿಯ ಮನೆಯಡುಗೆಯನ್ನು 1891ರಲ್ಲಿ ಗ್ರಂಥರೂಪಕ್ಕೆ ತಂದ ಪೆಲ್ಲೆಗ್ರೀನೊ ಅರ್ತೂಸಿ ತಮ್ಮ ಅನುಭವವನ್ನು ಬರೆದಿದ್ದಾರೆ. 1855ರಲ್ಲಿ ಲಿವೊರ್ನೊ ಎಂಬ ಬಂದರಿನಲ್ಲಿ ಮಿನೆಸ್ತ್ರೋನೆ ಉಂಡ ರಾತ್ರಿ ಅವರಿಗೆ ವಿಪರೀತ ಹೊಟ್ಟೆನೋವು. ಬೆಳಗಿನವರೆಗೂ ಸೂಪನ್ನು ಶಪಿಸಿದರು. ಮರುದಿನ ಫ್ಲೊರೆನ್ಸಿಗೆ ಹೊರಟುಹೋದ ಮೇಲೆ ತಿಳಿದದ್ದೆಂದರೆ, ಊರಿನಲ್ಲಿ ಕಾಲರಾ ಹಬ್ಬಿತ್ತು, ಅವರು ತಂಗಿದ್ದ ಮನೆಯ ಯಜಮಾನನೇ ಅದಕ್ಕೆ ಬಲಿಯಾಗಿದ್ದ. ಸೂಪು ನಿರಪರಾಧಿ. ಅರ್ತೂಸಿ ಅದರ ವಿಧಾನವನ್ನು ತಮ್ಮ ಗ್ರಂಥದಲ್ಲಿ ಸೇರಿಸಿದರು.

ನಮ್ಮಲ್ಲಿ ಆ ಸಂಜೆ ಮಳೆ ಆಗುಂಬೆಯ ಕಡೆಯಿಂದ ಇಳಿದು ಬಂದಿತ್ತು. ಅಕ್ಕ ತಂಗಿ ಇಬ್ಬರೂ ಜಗಲಿಯಲ್ಲಿ ಕುಳಿತು ಎಳೆಯ ಅಲಸಂಡೆ ಮುರಿದುಕೊಟ್ಟಿದ್ದರು. ನಲವತ್ತು ವರ್ಷಗಳ ಹಿಂದಿನ ಯಾವುದೋ ಮಾತಿಗೆ ಅಮ್ಮ ನಕ್ಕದ್ದು ಒಳಗೆ ಕೇಳಿಸಿತು. ಬಟ್ಟಲನ್ನು ಮುಂದಿಟ್ಟಾಗ ಅಮ್ಮ ಮೊದಲು ಅನುಮಾನದಿಂದ ಕೆದಕಿ ನೋಡಿ, ‘ಇದು ಗಂಜಿಯೋ ಗಸಿಯೋ?’ ಎಂದು ಕೇಳಿದರು. ಅರ್ಧ ಬಟ್ಟಲು ಮುಗಿಯಿತು. ನಾವು ಯಾರೂ ಅದನ್ನು ಗಮನಿಸಿದವರಂತೆ ತೋರಿಸಿಕೊಳ್ಳಲಿಲ್ಲ.

ಉಳಿದದ್ದನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿ ಬಡಿಸಿದೆವು. ನಿನ್ನೆಯ ಮೀನಿನ ಸಾರಿನ ಮಹಿಮೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಸ್ಕಾನದವರು ಹೀಗೆ ಮರುಕುದಿಸಿದ ಕಾಳು ಸೊಪ್ಪಿನ ಸೂಪಿಗೆ ಹಳೆಯ ರೊಟ್ಟಿ ಸೇರಿಸಿ ‘ರಿಬೊಲ್ಲಿತ’, ಅಂದರೆ ಮತ್ತೆ ಕುದಿಸಿದ್ದು ಎಂದೇ ಹೆಸರಿಟ್ಟಿದ್ದಾರೆ. ಅಮ್ಮ ಅಂದು ಬಟ್ಟಲಿಗೆ ತಾವಾಗಿಯೇ ಕೈ ಚಾಚಿದರು. ಎರಡು ಚಮಚವಾದ ಮೇಲೆ ನಮ್ಮನ್ನು ಹತ್ತಿರ ಕರೆದು, ಹಬ್ಬ ಹೇಗೂ ಮುಗಿಯಿತಲ್ಲ, ಕೆಂಡದಲ್ಲಿ ಒಂದು ಒಣಮೀನು ಸುಟ್ಟು ತಾ ಎಂದರು. ಇಟಲಿಯ ಸೂಪಿಗೆ ಒಣಮೀನೇ ಎಂದು ನಾವು ಮಾವ್ಶಿಯ ಮುಖ ನೋಡಿದೆವು. ಮಾವ್ಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಒಂದು’ ಎಂದು ತಮ್ಮ ಬಟ್ಟಲನ್ನೂ ಮುಂದೆ ಸರಿಸಿದರು.