ಮುಗಿಯದ ಮಧ್ಯಂತರ

ಕ್ರೈಸ್ತ ರಾಕ್ ತಂಡ ‘ಡಿಸಿ ಟಾಕ್’ನ ಆಯ್ದ ಹಾಡುಗಳ ಸಂಗ್ರಹ ಹುಟ್ಟಿದ ಬಗೆ ಮತ್ತು ಇಪ್ಪತ್ತೈದು ವರ್ಷಗಳಲ್ಲಿ ಅದನ್ನು ಕೇಳುವ ಕಿವಿ ಬದಲಾದ ಬಗೆ

ಚಿತ್ರಮಂದಿರದ ತೆರೆಯ ಮೇಲೆ ‘ಮಧ್ಯಂತರ’ ಎಂಬ ಅಕ್ಷರ ಮೂಡಿದಾಗ ಯಾರೂ ಮನೆಗೆ ಹೊರಡುವುದಿಲ್ಲ. ಸೀಟಿನ ಮೇಲೆ ಕರ್ಚೀಫು ಹಾಕಿ, ಕಡಲೆಕಾಯಿ ಕೊಂಡು, ಬೆಲ್ಲು ಹೊಡೆಯುವಷ್ಟರಲ್ಲಿ ಒಳಗೆ ಬಂದು ಕೂರುತ್ತೇವೆ. ಕಥೆ ಇನ್ನೂ ಇದೆ ಎಂಬ ಭರವಸೆ ಆ ಪದದಲ್ಲೇ ಇದೆ. 2000ದ ನವೆಂಬರ್‌ನಲ್ಲಿ ಅಮೆರಿಕದ ಕ್ರೈಸ್ತ ರಾಕ್ ತಂಡ ‘ಡಿಸಿ ಟಾಕ್’ ತನ್ನ ಜನಪ್ರಿಯ ಹಾಡುಗಳ ಸಂಗ್ರಹಕ್ಕೆ ಇಟ್ಟದ್ದು ಇದೇ ಹೆಸರು: ‘ಇಂಟರ್‌ಮಿಷನ್’. ಕೇಳುಗರು ಭರವಸೆಯಿಂದ ಕಾದರು. ಕಾಲು ಶತಮಾನ ಕಳೆಯಿತು, ದ್ವಿತೀಯಾರ್ಧ ಶುರುವಾಗಲೇ ಇಲ್ಲ.

ಆ ಸಂಗ್ರಹದ ಹಾಡುಗಳಲ್ಲಿ ಇಂದಿಗೂ ಒಂದು ಸ್ವರ ಬದಲಾಗಿಲ್ಲ. ಅದರ ಬಗೆಗಿನ ಅಭಿಪ್ರಾಯ ಮಾತ್ರ ಮೂರು ಸಲ ಮಗ್ಗುಲು ಬದಲಿಸಿದೆ. ಅದು ಹೇಗಾಯಿತೆಂದು ತಿಳಿಯಲು ತಂಡ ಹುಟ್ಟಿದ ಕಾಲಕ್ಕೇ ಹೋಗಬೇಕು.

ಬೈಗುಳವನ್ನೇ ಬಿರುದಾಗಿಸಿಕೊಂಡವರು

ರಾಕ್ ಸಂಗೀತದಲ್ಲಿ ಯೇಸುವಿನ ಹೆಸರು ಹಾಡುವುದು ಅಮೆರಿಕದ ಚರ್ಚುಗಳಲ್ಲಿ ಬಹುಕಾಲ ತಂಟೆಯ ವಿಷಯವಾಗಿತ್ತು. 1969ರಲ್ಲಿ ಗಾಯಕ ಲ್ಯಾರಿ ನಾರ್ಮನ್ ‘ಅಪಾನ್ ದಿಸ್ ರಾಕ್’ ಎಂಬ ಆಲ್ಬಮ್ ತಂದ. ಉದ್ದ ಕೂದಲು ಬಿಟ್ಟು, ಗಿಟಾರ್ ಹಿಡಿದು, ಬೀದಿಯಲ್ಲಿ ಬೈಬಲ್ ಹಂಚುತ್ತಿದ್ದ ಆ ಪೀಳಿಗೆಯ ಹಿಪ್ಪಿ ಭಕ್ತರನ್ನು ಜನ ‘ಜೀಸಸ್ ಫ್ರೀಕ್’, ಅಂದರೆ ಯೇಸುವಿನ ಹುಚ್ಚರು ಎಂದು ಆಡಿಕೊಂಡರು. ಹದಿನೆಂಟು ವರ್ಷ ಕಳೆದರೂ ವಿರೋಧ ಆರಿರಲಿಲ್ಲ. 1987ರಲ್ಲಿ ಟಿ.ವಿ. ಬೋಧಕ ಜಿಮ್ಮಿ ಸ್ವಾಗರ್ಟ್, ಧಾರ್ಮಿಕ ರಾಕ್ ಸಂಗೀತವನ್ನು ಕುರಿಯ ತೊಗಲು ಹೊದ್ದ ತೋಳವೆಂದು ಕರೆದು ಒಂದು ಪುಸ್ತಕವನ್ನೇ ಬರೆದರು.

ಅದೇ 1987ರಲ್ಲಿ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್‌ನಲ್ಲಿರುವ ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ ಡಿಸಿ ಟಾಕ್ ಹುಟ್ಟಿತು. ಸಂಪ್ರದಾಯಸ್ಥ ಬ್ಯಾಪ್ಟಿಸ್ಟರು ಕಟ್ಟಿದ ಆ ಸಂಸ್ಥೆಯಲ್ಲಿ ಓದುತ್ತಿದ್ದ ಟೋಬಿ ಮೆಕೀಹನ್‌ಗೆ ರ‍್ಯಾಪ್ ಹುಚ್ಚು. ಮೈಕೆಲ್ ಟೇಟ್ ಚರ್ಚಿನ ಗಾಸ್ಪೆಲ್ ಹಾಡಿಕೆಯಲ್ಲಿ ಪಳಗಿದ ಕಪ್ಪು ಯುವಕ. ಮೂರನೆಯವನಾಗಿ ಸೇರಿದ ಕೆವಿನ್ ಮ್ಯಾಕ್ಸ್‌ನದು ನಡುಗುತ್ತ ಏರುವ ವಿಲಕ್ಷಣ ಕಂಠ. ‘ಡಿಸಿ’ ಎಂಬ ಅಕ್ಷರಗಳು ಮೊದಲು ವಾಷಿಂಗ್ಟನ್ ಡಿ.ಸಿ.ಯನ್ನು ಸೂಚಿಸುತ್ತಿದ್ದವು, ಆಮೇಲೆ ಅವಕ್ಕೆ ‘ಡೀಸೆಂಟ್ ಕ್ರಿಶ್ಚಿಯನ್’ ಎಂಬ ಅರ್ಥವೂ ಅಂಟಿಕೊಂಡಿತು. ವರ್ಣಭೇದದ ನೆನಪು ಇನ್ನೂ ಹಸಿಯಾಗಿದ್ದ ದಕ್ಷಿಣದಲ್ಲಿ ಒಬ್ಬ ಕಪ್ಪು, ಇಬ್ಬರು ಬಿಳಿಯ ಹುಡುಗರು ಒಂದೇ ವೇದಿಕೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಹಾಡಿದರು. ಹಾಡಿಗಿಂತ ಮುಂಚೆ ಕೇಳುಗರನ್ನು ತಟ್ಟಿದ್ದು ಈ ನೋಟ.

1989 ಮತ್ತು 1990ರ ಮೊದಲ ಎರಡು ಆಲ್ಬಮ್‌ಗಳು ರ‍್ಯಾಪ್ ದಾರಿಯವು. 1992ರ ‘ಫ್ರೀ ಅಟ್ ಲಾಸ್ಟ್’ನಲ್ಲಿ ರ‍್ಯಾಪ್ ಜೊತೆಗೆ ಗಾಸ್ಪೆಲ್ ಬೆರೆಯಿತು, ಗ್ರ್ಯಾಮಿ ಪ್ರಶಸ್ತಿ ಬಂತು. 1995ರ ನವೆಂಬರ್‌ನಲ್ಲಿ ಬಂದ ಆಲ್ಬಮ್ ಎಲ್ಲವನ್ನೂ ಬುಡಮೇಲು ಮಾಡಿತು. ಅದರ ಹೆಸರು ‘ಜೀಸಸ್ ಫ್ರೀಕ್’. ಅಪ್ಪಂದಿರ ಕಾಲದ ಬೈಗುಳವನ್ನು ಮಕ್ಕಳು ಬಿರುದಿನಂತೆ ಎದೆಗೆ ಅಂಟಿಸಿಕೊಂಡರು. ಶೀರ್ಷಿಕೆ ಹಾಡಿನಲ್ಲಿ ಗ್ರಂಜ್ ಗಿಟಾರಿನ ಗರ್ಜನೆಯೂ ರ‍್ಯಾಪೂ ಮುಖಾಮುಖಿಯಾದವು. ಅದೇ ಆಲ್ಬಮ್‌ನ ‘ಕಲರ್ಡ್ ಪೀಪಲ್’ ಚರ್ಮದ ಬಣ್ಣದ ಬಗ್ಗೆ ನೇರವಾಗಿ ಮಾತಾಡಿತು.

ಯಾವುದು ‘ಹಿಟ್’?

ಕ್ರೈಸ್ತ ಸಂಗೀತದ ಕ್ಯಾಸೆಟ್, ಸಿ.ಡಿ.ಗಳು ಆಗ ಬಹುಪಾಲು ಮಾರಾಟವಾಗುತ್ತಿದ್ದದ್ದು ಬೈಬಲ್, ಧಾರ್ಮಿಕ ಪುಸ್ತಕ ಮಾರುವ ಅಂಗಡಿಗಳಲ್ಲಿ. ಅಲ್ಲಿನ ಮಾರಾಟ ಬಹುಕಾಲ ದೇಶದ ಮುಖ್ಯ ಸಂಗೀತಪಟ್ಟಿಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಸೌಂಡ್‌ಸ್ಕ್ಯಾನ್ ಸಂಸ್ಥೆ ಆ ಅಂಗಡಿಗಳನ್ನೂ ಎಣಿಕೆಗೆ ಸೇರಿಸಿಕೊಂಡದ್ದು 1995ರಲ್ಲಿ. ಆ ವರ್ಷದ ಕೊನೆಗೆ ‘ಜೀಸಸ್ ಫ್ರೀಕ್’ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಗೆ ಕಾಲಿಟ್ಟದ್ದೇ 16ನೇ ಸ್ಥಾನದಲ್ಲಿ. 1998ರ ‘ಸೂಪರ್‌ನ್ಯಾಚುರಲ್’ 4ನೇ ಸ್ಥಾನದಿಂದ ಆರಂಭಿಸಿತು. ಊರಾಚೆ ಇದ್ದ ಸಂತೆ ಪೇಟೆಯ ನಡುಬೀದಿಗೆ ಬಂದಂತಾಯಿತು.

ಆದರೂ ಈ ಸಂಗೀತದಲ್ಲಿ ಹಿಟ್ ಎಂಬುದಕ್ಕೆ ಬೇರೆ ಅಳತೆಯೂ ಇದೆ. ಚರ್ಚಿನ ಯುವಕೂಟದ ಶಿಬಿರದಲ್ಲಿ ಬೆಂಕಿಯ ಸುತ್ತ ಹಾಡಿದ್ದು, ನಂಬಿಕೆ ಅಲುಗಾಡಿದ ರಾತ್ರಿ ಒಬ್ಬರೇ ಕೇಳಿದ್ದು, ಹದಿನಾರರ ವಯಸ್ಸಿನಲ್ಲಿ ಹೆತ್ತವರ ಜೊತೆ ವಾದಿಸಿ ಉಳಿಸಿಕೊಂಡದ್ದು: ಕೇಳುಗರ ಪಾಲಿಗೆ ಹಿಟ್ ಅಂದರೆ ಇಂಥ ಹಾಡು. ಹಾಗಾಗಿ ಕಂಪನಿ ಯಾವ ಹಾಡನ್ನು ಆರಿಸಿದರೂ ಯಾರದೋ ಬದುಕಿನ ಒಂದು ಪುಟ ಬಿಟ್ಟುಹೋಗುತ್ತದೆ.

‘ಇಂಟರ್‌ಮಿಷನ್’ ಬಂದಾಗ ನಡೆದದ್ದೂ ಅದೇ. ಮೂವರೂ ಒಂದಷ್ಟು ಕಾಲ ತಮ್ಮತಮ್ಮ ಹಾಡುಗಾರಿಕೆಗೆ ಹೊರಡಲಿದ್ದರು. ಆ ನಡುವಿನ ಅವಧಿಗೆ ಕೇಳುಗರ ಕೈಗಿತ್ತ ಬುತ್ತಿ ಈ ಸಂಗ್ರಹ. ‘ಚಾನ್ಸ್’ ಮತ್ತು ‘ಶುಗರ್ ಕೋಟ್ ಇಟ್’ ಎಂಬ ಎರಡು ಹೊಸ ಹಾಡು, ಹಳೆಯ ‘ಸೇ ದ ವರ್ಡ್ಸ್’ಗೆ ಹೊಸ ಉಡುಪು, ಉಳಿದಂತೆ ಹೆಚ್ಚಾಗಿ 1992ರಿಂದ ಈಚಿನ ಆಲ್ಬಮ್‌ಗಳ ಫಸಲು. ಹೊಸಬರಿಗೆ ಇದು ಒಳ್ಳೆಯ ಹೆಬ್ಬಾಗಿಲು. ಮೊದಲ ದಿನದಿಂದ ಜೊತೆಗಿದ್ದವರಿಗೆ ಎರಡು ಕೊರತೆ ಕಂಡವು. ಆರಂಭದ ರ‍್ಯಾಪ್ ದಿನಗಳನ್ನು ತಂಡ ಹೆಚ್ಚುಕಡಿಮೆ ಮರೆತಂತಿದೆ ಎಂಬುದು ಒಂದು. ಮನಸ್ಸಿಗೆ ಇಳಿದಿದ್ದ ಧಾಟಿಯನ್ನು ಮುಟ್ಟಿ ತಿದ್ದಬಾರದಿತ್ತು ಎಂಬುದು ಇನ್ನೊಂದು.

ಎರಡೂ ನ್ಯಾಯವಾದ ದೂರುಗಳೇ. ಮೊದಲನೆಯದು ಹೆಚ್ಚು ಗಟ್ಟಿ. ಈ ತಂಡ ರಾಕ್‌ನಿಂದ ರ‍್ಯಾಪ್‌ಗೆ ಕೈಚಾಚಿದ್ದಲ್ಲ, ರ‍್ಯಾಪ್‌ನಿಂದ ರಾಕ್‌ಗೆ ನಡೆದುಬಂದದ್ದು. ಆ ನಡಿಗೆಯ ಮೊದಲ ಹೆಜ್ಜೆಗಳನ್ನು ಬಿಟ್ಟರೆ ‘ಜೀಸಸ್ ಫ್ರೀಕ್’ ಎಂಥ ಸಾಹಸವಾಗಿತ್ತೆಂದು ಹೊಸ ಕೇಳುಗನಿಗೆ ತಿಳಿಯುವುದು ಕಷ್ಟ.

ಬುತ್ತಿ ವಿದಾಯವಾದಾಗ

2001ರಲ್ಲಿ ‘ಸೋಲೋ’ ಎಂಬ ಕಿರು ಆಲ್ಬಮ್ ಬಂತು. ಅದರಲ್ಲಿ ಮೂವರೂ ಬೇರೆಬೇರೆಯಾಗಿ ಹಾಡಿದ್ದರು. ಬೇರೆಬೇರೆ ಹಾಡಿದ್ದಕ್ಕೇ ಮರುವರ್ಷ ತಂಡದ ಹೆಸರಿನಲ್ಲಿ ಗ್ರ್ಯಾಮಿ ಬಂತು. ಮೆಕೀಹನ್ ‘ಟೋಬಿಮ್ಯಾಕ್’ ಆಗಿ ಸ್ವಂತ ದಾರಿಯಲ್ಲಿ ದೊಡ್ಡ ಹೆಸರು ಮಾಡಿದ. ಟೇಟ್ 2009ರಲ್ಲಿ ‘ನ್ಯೂಸ್‌ಬಾಯ್ಸ್’ ತಂಡದ ಮುಖ್ಯ ಗಾಯಕನಾದ. ಮ್ಯಾಕ್ಸ್ ಕೆಲಕಾಲ ‘ಆಡಿಯೊ ಅಡ್ರಿನಲಿನ್’ ತಂಡಕ್ಕೆ ದನಿಯಾದ. 2015ರಲ್ಲಿ ಟೋಬಿಮ್ಯಾಕ್ ಆಲ್ಬಮ್‌ನ ಒಂದು ಹಾಡಿನಲ್ಲಿ ಮೂವರೂ ಕೂಡಿದರು. 2017ರಲ್ಲಿ ಹಡಗಿನ ಮೇಲಿನ ಸಂಗೀತಯಾನದಲ್ಲಿ ಒಟ್ಟಿಗೆ ವೇದಿಕೆಯೇರಿದರು. ಹೊಸ ಆಲ್ಬಮ್ ಮಾತ್ರ ಬರಲಿಲ್ಲ.

ಈ ವರ್ಷಗಳಲ್ಲಿ ‘ಇಂಟರ್‌ಮಿಷನ್’ ತಾನಾಗಿಯೇ ಬೇರೊಂದು ಆಲ್ಬಮ್ ಆಯಿತು. ಬಿಟ್ಟ ಹಾಡುಗಳ ಮೇಲಿನ ಮುನಿಸು ಇಳಿಯಿತು. ಮೂರು ಕಂಠಗಳೂ ಕೂಡುವ ಪಲ್ಲವಿಗಳು ಕಿವಿಗೆ ಅಮೂಲ್ಯವಾದವು. 2000ದಲ್ಲಿ ಗಮನವಿಲ್ಲದೆ ದಾಟಿಹೋಗಿದ್ದ ಎರಡು ಹೊಸ ಹಾಡುಗಳು ಜೊತೆಯಾಗಿ ಹಾಡಿದ ಕಡೆಯ ದಿನಗಳ ಗುರುತಾಗಿ ಉಳಿದವು. ಕಾಯುವುದನ್ನು ಬಿಟ್ಟವರು ಅದನ್ನು ಹಳೆಯ ಗುಂಪುಚಿತ್ರದಂತೆ ಕಾಪಾಡಿಕೊಂಡರು.

ಮೂರನೆಯ ತಿರುವು ನೋವಿನದು. 2025ರ ಜೂನ್‌ನಲ್ಲಿ, ತನ್ನ ಮೇಲೆ ಆರೋಪಗಳು ಪ್ರಕಟವಾದ ಬೆನ್ನಿಗೆ, ಮೈಕೆಲ್ ಟೇಟ್ ಬಹಿರಂಗ ಹೇಳಿಕೆ ನೀಡಿದ. ವರ್ಷಗಟ್ಟಲೆ ಮಾದಕವಸ್ತು ಮತ್ತು ಮದ್ಯದ ಚಟದಲ್ಲಿದ್ದದ್ದನ್ನು, ಕೆಲವು ಪುರುಷರನ್ನು ಅವರಿಗೆ ಇಷ್ಟವಿಲ್ಲದ ರೀತಿಯಲ್ಲಿ ಮುಟ್ಟಿದ್ದನ್ನು ಅದರಲ್ಲಿ ಒಪ್ಪಿಕೊಂಡ. ಆ ಕಂಠವನ್ನು ಕೇಳುತ್ತ ಬೆಳೆದವರಿಗೆ ಅದು ಮನೆಯೊಳಗಿನ ಆಘಾತ.

ಇದೇ ಸಂಗ್ರಹದಲ್ಲಿ ‘ವಾಟ್ ಇಫ್ ಐ ಸ್ಟಂಬಲ್’ ಇದೆ. ನಾನು ಎಡವಿದರೆ ಏನಾದೀತು, ನನ್ನನ್ನು ನಂಬಿದವರ ಗತಿ ಏನು ಎಂಬ ದಿಗಿಲೇ ಆ ಹಾಡಿನ ತಿರುಳು. ‘ಜೀಸಸ್ ಫ್ರೀಕ್’ ಆಲ್ಬಮ್‌ನಲ್ಲಿ ಅದು ಶುರುವಾಗುವುದು ಲೇಖಕ ಬ್ರೆನನ್ ಮ್ಯಾನಿಂಗ್‌ರ ದನಿಯಿಂದ. ಬಾಯಲ್ಲಿ ಯೇಸುವಿನ ಹೆಸರು ಹೇಳಿ ಬದುಕಿನಲ್ಲಿ ಅವನನ್ನು ಅಲ್ಲಗಳೆಯುವವರಿಂದಲೇ ಜನ ದೇವರಿಂದ ದೂರವಾಗುತ್ತಾರೆ ಎಂಬುದು ಅವರ ಮಾತಿನ ಸಾರ. 1995ರಲ್ಲಿ ಇದನ್ನು ವಿನಯವೆಂದು ಕೇಳಿದವರಿದ್ದರು. ಈಗ ಅದು ಸಾಕ್ಷಿಯ ಹೇಳಿಕೆಯಂತೆ ಕೇಳಿಸುತ್ತದೆ. ಕೆಲವರು ಆ ಹಾಡುಗಳನ್ನು ಇನ್ನು ಕೇಳಲಾರೆವು ಎನ್ನುತ್ತಾರೆ. ಕೆಲವರು ಹಾಡು ಹಾಡುಗಾರನಿಗಿಂತ ದೊಡ್ಡದು ಎನ್ನುತ್ತಾರೆ. ಮೊದಲಿನವರ ಮೌನವನ್ನು ಎರಡನೆಯವರು ಗೌರವಿಸಬೇಕು. ಘಾಸಿಗೊಂಡವರ ಮಾತು ಮೊದಲು ಕೇಳಿಸಿಕೊಳ್ಳಬೇಕಾದದ್ದು. ನಮ್ಮ ಹಾಡಿನ ನೆನಪು ಆಮೇಲಿನದು.

ಹಾಗಾದರೆ ‘ಇಂಟರ್‌ಮಿಷನ್’ ಒಳ್ಳೆಯ ಸಂಗ್ರಹವೇ? ಆಯ್ಕೆಯ ದೃಷ್ಟಿಯಿಂದ ಅರೆಬರೆ; ದಾಖಲೆಯ ದೃಷ್ಟಿಯಿಂದ ಬೆಲೆಬಾಳುವಂಥದ್ದು. ಬೇರೆಬೇರೆ ಬಣ್ಣದ, ಬೇರೆಬೇರೆ ಜಾಯಮಾನದ ಮೂವರು ಹದಿಮೂರು ವರ್ಷ ಕೂಡಿ ಕಟ್ಟಿದ್ದೇನು ಎಂಬುದು ಅದರಲ್ಲಿ ಕೇಳಿಸುತ್ತದೆ. ಹೊಸದಾಗಿ ಕೇಳುವವರಿಗೆ ನನ್ನದೊಂದು ಸಲಹೆ: ಸಂಗ್ರಹಕ್ಕೇ ನಿಲ್ಲಬೇಡಿ. ಮೊದಲು ‘ಫ್ರೀ ಅಟ್ ಲಾಸ್ಟ್’, ಆಮೇಲೆ ‘ಜೀಸಸ್ ಫ್ರೀಕ್’ ಪೂರ್ತಿ ಕೇಳಿ, ಕೊನೆಗೆ ಇದಕ್ಕೆ ಬನ್ನಿ. ಮೂವರೂ ಸೇರಿ ತಂದ ಕೊನೆಯ ಸ್ಟುಡಿಯೊ ಆಲ್ಬಮ್ ಇಂದಿಗೂ 1998ರ ‘ಸೂಪರ್‌ನ್ಯಾಚುರಲ್’.